ಬಂದ ರಿಂಗಿನಲ್ಲಿ ಒಂದು ಕಳೆದೆ

ನೀವು ನಂಬಲೇಬೇಕೆಂದು ನಾನು ಹಟ ಹಿಡಿಯುವುದಿಲ್ಲ. ಆದರೆ ಆಗದ್ದನ್ನು ಆಯಿತೆಂದು ಬರೆಯುವ ಅಭ್ಯಾಸ ನನಗಿಲ್ಲ. ಬ್ಯಾಡಗಿಯ ಒಂದು ಕೋಲ್ಡ್ ಸ್ಟೋರೇಜಿನಲ್ಲಿ ಎರಡು ತಾಸಿಗೊಮ್ಮೆ ಕೋಣೆಗಳ ಉಷ್ಣತೆ ನೋಡಿ ರಿಜಿಸ್ಟರಿಗೆ ಏರಿಸುವುದು ನನ್ನ ಕೆಲಸ. ಕಂಡದ್ದನ್ನು ಕಂಡ ಹೊತ್ತಿಗೇ ಬರೆಯಬೇಕು. ಮೂರು ವರ್ಷಗಳಿಂದ ಅದೇ ರೂಢಿ. ಮನೆಯಲ್ಲಿಯೂ ಒಂದು ನೂರು ಪುಟದ ನೋಟ್‌ಬುಕ್ ಇಟ್ಟಿದ್ದೇನೆ. ಈಗ ಹೇಳುವುದೆಲ್ಲ ಅದರಲ್ಲಿ ತಾರೀಖು, ವೇಳೆ ಸಮೇತ ಇದೆ. ಕೊನೆಯ ಸಾಲಿನಲ್ಲಿ ಒಂದು ಕಾಲಂ ಮಾತ್ರ ಖಾಲಿ ಬಿಟ್ಟಿದ್ದೇನೆ...

ಆ ನೋಟ್‌ಬುಕ್ಕಿನ ಮೇಲೆ ಬರೆದಿರುವುದು ‘ರಿಂಗ್’ ಎಂದು.

ನಮ್ಮ ಪಡಸಾಲೆಯ ಗೂಡಿನಲ್ಲಿ ಒಂದು ಕೆಂಪು ಲ್ಯಾಂಡ್‌ಲೈನ್ ಫೋನ್ ಇತ್ತು. ಅಪ್ಪ ಲಾರಿ ಡ್ರೈವರ್. ಮೆಣಸಿನಕಾಯಿ ಚೀಲ ಹೇರಿಕೊಂಡು ವಾರಗಟ್ಟಲೆ ಹೋಗುವವನು. ನಾವು ಸಣ್ಣವರಿದ್ದಾಗ, ತಿರುಗಿ ಬರುವ ದಿನ ಹೆದ್ದಾರಿಯ ಮೋಟೆಬೆನ್ನೂರು ಕ್ರಾಸಿನ ಬೂತಿನಿಂದ ಮನೆಗೆ ಒಂದೇ ರಿಂಗ್ ಕೊಟ್ಟು ಕಟ್ ಮಾಡುತ್ತಿದ್ದ. ನಾವು ಎತ್ತಬಾರದು. ಒಂದು ರಿಂಗ್ ಎಂದರೆ ‘ಮೋಟೆಬೆನ್ನೂರು ಮುಟ್ಟೇನಿ, ನೀರು ಕಾಸು’. ಅವ್ವ ಎದ್ದು ಬಚ್ಚಲದ ಹಂಡೆಗೆ ಉರಿ ಹಚ್ಚುತ್ತಿದ್ದಳು. ಹದಿನೈದು ನಿಮಿಷಕ್ಕೆ ಸರಿಯಾಗಿ ಓಣಿಯ ತುದಿಯಲ್ಲಿ ಲಾರಿಯ ಸದ್ದು ಕೇಳುತ್ತಿತ್ತು. ಎರಡು ರಿಂಗ್ ಎಂದರೆ ‘ನೀವೇ ತಿರುಗಿ ಮಾಡ್ರಿ, ಮಾತು ಐತಿ’.

ಅಪ್ಪನ ಕೈಗೆ ಮೊಬೈಲ್ ಬಂದ ಮೇಲೆ ಈ ಲೆಕ್ಕ ಮರೆತುಹೋಗಿತ್ತು. ಮತ್ತೆ ನೆನಪಿಗೆ ಬಂದದ್ದು ನನ್ನ ಅಕ್ಕ ಗಿರಿಜಾಳಿಂದ.

ಅಕ್ಕನನ್ನು ಕೊಟ್ಟದ್ದು ರಾಣೆಬೆನ್ನೂರಿಗೆ. ಗಂಡ ಈರಣ್ಣನದು ಖಾರ ಕುಟ್ಟುವ ಗಿರಣಿ. ಮುಂದೆ ಗಿರಣಿ, ಹಿಂದೆ ಮನೆ. ಮನೆಯಲ್ಲಿ ಅವನು, ಅವನ ತಾಯಿ ನೀಲವ್ವ, ಅಕ್ಕ, ಮೂವರೇ. ಕಳೆದ ದೀಪಾವಳಿಗೆ ಅಕ್ಕ ಬಂದಾಗ ಎಣ್ಣೆ ಹಚ್ಚಲು ಕೂತಿದ್ದೆ. ಬೆನ್ನಿನ ಮೇಲೆ ಕಪ್ಪು ಗುರುತು.

“ಅಕ್ಕಾ, ಇದೇನ?”

“ಗಿರಣಿ ಬಾಗಲಾ ಬಡೀತು.”

“ಬಾಗಲಕ್ಕ ಐದ ಬೆರಳ ಇರ್ತಾವೇನ?”

ಅವಳು ಮೊದಲು ನಕ್ಕಳು. ಆಮೇಲೆ ಎಣ್ಣೆಯ ಬಟ್ಟಲನ್ನು ಬದಿಗೆ ಸರಿಸಿ ಬಹಳ ಹೊತ್ತು ಅತ್ತಳು. ಹೊಡೆಯುವಾಗ ಗಿರಣಿ ಚಾಲೂ ಮಾಡುತ್ತಾನಂತೆ. ಕಬ್ಬಿಣದ ಹಾರೆಗಳು ಧಡ್ ಧಡ್ ಎಂದು ಕುಟ್ಟುವ ಸದ್ದಿನಲ್ಲಿ ಓಣಿಗೆ ಏನೂ ಕೇಳುವುದಿಲ್ಲ. ಮೊಬೈಲ್ ಕಸಿದುಕೊಂಡಿದ್ದಾನೆ. ಇಲ್ಲೇ ಉಳಿದುಬಿಡು ಎಂದೆವು. “ಇನ್ನೊಂದ ಸಲ ನೋಡ್ತೇನಿ” ಎಂದಳು. ಎಷ್ಟನೆಯ ಇನ್ನೊಂದು ಸಲವೋ.

ನೀಲವ್ವನ ಹತ್ತಿರ ಒಂದು ಬಟನ್ ಫೋನ್ ಇತ್ತು. ರಾತ್ರಿ ಎಂಟೂವರೆಗೆ ಊಟವಾದ ಮೇಲೆ ಅದರಿಂದ ತವರಿಗೆ ಮಿಸ್ಡ್ ಕಾಲ್ ಕೊಡಲು ಅಕ್ಕನಿಗೆ ಪರವಾನಗಿ ಇತ್ತು. ಮಾತಿಲ್ಲ, ಬರೀ ಮಿಸ್ಡ್ ಕಾಲ್. ಈರಣ್ಣ ದಿನಾ ಫೋನ್ ತೆಗೆದು ನೋಡುತ್ತಿದ್ದ. ಆದರೆ ಫೋನಿನಲ್ಲಿ ಯಾರಿಗೆ ಮಾಡಿದ್ದು ಎನ್ನುವುದು ಉಳಿಯುತ್ತದೆ, ಎಷ್ಟು ರಿಂಗ್ ಆದವು ಎನ್ನುವುದು ಉಳಿಯುವುದಿಲ್ಲವಲ್ಲ? ಅದು ನನಗೆ ಹೊಳೆಯಿತು.

“ಒಂದು ಅಂದ್ರ ಆರಾಮ ಅದೇನಿ. ಎರಡು ಅಂದ್ರ ನಾವು ತಿರುಗಿ ಮಾಡೋದು. ಮೂರು ಅಂದ್ರ...” ಎಂದೆ.

“ಮೂರು ಅಂದ್ರ ಬಂದ್ ಕರಕೊಂಡು ಹೋಗ್ರಿ” ಎಂದಳು ಅಕ್ಕ.

ನನ್ನ ಮೊಬೈಲಿಗೆ ಕೊಟ್ಟರೆ ಅವನಿಗೆ ಸಂಶಯ. ಲ್ಯಾಂಡ್‌ಲೈನೇ ಸರಿ. ಅದರ ಗಂಟೆ ಅಡುಗೆಮನೆಯವರೆಗೂ ಕೇಳುತ್ತದೆ. ನನ್ನ ಮೊಬೈಲಿನಿಂದ ಹತ್ತು ಸಲ ಪರೀಕ್ಷೆ ಮಾಡಿದೆವು. ನನ್ನ ಕಿವಿಯಲ್ಲಿ ಒಂದು ಕೇಳಿದರೆ ಕೆಂಪು ಫೋನ್ ಒಂದೇ ಬಾರಿಸಿತು, ಮೂರು ಕೇಳಿದರೆ ಮೂರು.

ಎಪ್ಪತ್ತೊಂದು ಸಂಜೆ ಬರೆದಿದ್ದೇನೆ. ಒಂದು ರಿಂಗ್ ಅರವತ್ತೆಂಟು ಸಲ, ಎರಡು ರಿಂಗ್ ಮೂರು ಸಲ. ಮೂರು ರಿಂಗ್, ಇಲ್ಲ.

ಜನವರಿ ಹದಿನೆಂಟಕ್ಕೆ ಲೈನ್‌ಮನ್ ಫಕ್ಕೀರಪ್ಪ ಬಂದ. ಐವತ್ತು ದಾಟಿದ ಮನುಷ್ಯ, ಬಾಯಿತುಂಬ ಎಲೆಯಡಿಕೆ. ಓಣಿಯ ತಾಮ್ರದ ಲೈನ್ ಬಂದ್ ಮಾಡುತ್ತಾರಂತೆ. ಇನ್ನು ಮೇಲೆ ಇಂಟರ್ನೆಟ್ಟಿನ ಮೇಲೆಯೇ ಫೋನ್.

“ನಂಬರ ಅದ ಇರತೈತಿ ಅಕ್ಕಾರ. ಮಾತು ಗಾಜಿನ ಎಳಿಯಾಗ ಬರತೈತಿ, ಅಷ್ಟ ಫರಕು” ಎಂದ.

ಹಸಿರು ದೀಪ ಮಿನುಗುವ ಮೋಡೆಮ್ ಗೋಡೆಗೆ ಹತ್ತಿತು. ಅದಕ್ಕೊಂದು ಬಿಳಿ ಫೋನ್. ಕೆಂಪು ಫೋನಿನ ತಂತಿಯನ್ನು ಗೇಣುದ್ದ ಬಿಟ್ಟು ಕಟರಿನಿಂದ ಚಕ್ ಎಂದು ಕತ್ತರಿಸಿದ. ಅವ್ವ ಅದನ್ನು ಒರೆಸಿ, ಒಂದು ಟವೆಲ್ ಸುತ್ತಿ ಟ್ರಂಕಿನ ಮೇಲಿಟ್ಟಳು.

ಆ ಸಂಜೆಯೇ ಬಿಳಿ ಫೋನ್ ಎರಡು ಬಾರಿಸಿತು. ಅಕ್ಕನಿಗೆ ಮಾತನಾಡಬೇಕಿದೆ ಎಂದು ತಿರುಗಿ ಮಾಡಿದೆ. ನೀಲವ್ವ ಎತ್ತಿ ಅಕ್ಕನ ಕೈಗೆ ಕೊಟ್ಟಳು.

“ಯಾಕ ಮಾಡಿದ್ರಿ?” ಅಕ್ಕನ ದನಿ ಸಣ್ಣಗಿತ್ತು. “ನಾ ಒಂದ ಕೊಟ್ಟಿದ್ದೆ.”

ಮರುದಿನವೂ ಎರಡು. ಅದರ ಮರುದಿನ ಒಂದು. ಮತ್ತೆ ಎರಡು. ಒಂಬತ್ತು ದಿನಗಳಲ್ಲಿ ಆರು ಸಲ ತಿರುಗಿ ಮಾಡಿದೆ. ಆರನೆಯ ಸಲ ಅಕ್ಕ ಪಿಸುಗುಟ್ಟಿದಳು: “ಸುಮ್ಮ ಸುಮ್ಮನ ಮಾಡಬ್ಯಾಡ್ರಿ ಶೈಲಾ... ಕೆಲವು ದಿನ ಅಷ್ಟ ಯಾಕ ಮಾಡ್ತಾರ ಅಂತ ಕೇಳಾಕತ್ತಾರ ಇವರು.” ಹಿಂದಿನಿಂದ ಯಾರೋ ಕೆಮ್ಮಿದರು. ಫೋನ್ ಕಟ್ ಆಯಿತು.

ಫಕ್ಕೀರಪ್ಪನನ್ನು ಕರೆಸಿದೆ. “ಕೆಟ್ಟಿಲ್ಲ ಇದು. ಅಲ್ಲಿ ಅವರ ಕಿವ್ಯಾಗ ಕೇಳೋ ರಿಂಗ್ ಬ್ಯಾರೆ, ಇಲ್ಲಿ ನಿಮ್ಮ ಮನ್ಯಾಗ ಬಾರಸೋ ಗಂಟಿ ಬ್ಯಾರೆ. ಎರಡೂ ಜೋಡಿ ನಡಿಯೂದಿಲ್ಲ. ಯಾರ ಎಣಸ್ತಾರ ಬಿಡ್ರಿ ಅದನ್ನ?” ಎಂದು ನಕ್ಕ.

ನಾನು ಎಣಿಸುತ್ತಿದ್ದೆ. ಬೇರೆ ಗುರುತು ಮಾಡಿಕೊಳ್ಳೋಣವೆಂದರೆ ಅಕ್ಕನ ಜೊತೆ ಒಂಟಿಯಾಗಿ ಮಾತನಾಡುವ ದಾರಿ ಇರಲಿಲ್ಲ. ಇಪ್ಪತ್ತೆರಡು ಸಂಜೆಗಳ ಲೆಕ್ಕ ಮುಂದಿಟ್ಟುಕೊಂಡು ಕೂತೆ. ಎರಡು ರಿಂಗ್ ಹದಿನೇಳು ಸಲ, ಒಂದು ರಿಂಗ್ ಐದು ಸಲ. ಹೊಸ ಫೋನ್ ಹೆಚ್ಚಾಗಿ ಒಂದು ಜಾಸ್ತಿ ಬಾರಿಸುತ್ತದೆ ಎಂದು ತೀರ್ಮಾನಿಸಿದೆ. ಪುಟದ ತಲೆಯ ಮೇಲೆ ಕೆಂಪು ಶಾಯಿಯಲ್ಲಿ ಬರೆದೆ: ಎರಡು, ಮೂರು ಬಂದರೆ ಅದರಲ್ಲಿ ಒಂದು ಕಳೆಯುವುದು.

“ನಿನ್ನ ಲೆಕ್ಕ ನಿನಗ ಗೊತ್ತವಾ” ಎಂದಳು ಅವ್ವ. ಅವಳಿಗೆ ಅದು ಸೇರಿರಲಿಲ್ಲ.

ಫೆಬ್ರವರಿ ಒಂಬತ್ತು. ಎಂಟು ಮೂವತ್ತೊಂದು. ಬಿಳಿ ಫೋನ್ ಮೂರು ಬಾರಿಸಿತು.

ನಾನು ಒಂದು ಕಳೆದೆ. ನೋಟ್‌ಬುಕ್ಕಿನಲ್ಲಿ ‘೨’ ಎಂದು ಬರೆದೆ. ಎರಡು ಎಂದರೆ ತಿರುಗಿ ಮಾಡುವುದು, ಮಾಡಿದೆ.

ನೀಲವ್ವ ಎತ್ತಿದಳು. ಹಿಂದೆ ಗಿರಣಿ ಕುಟ್ಟುತ್ತಿತ್ತು. ಧಡ್... ಧಡ್... ಧಡ್...

“ಗಿರಿಜಾ ಮಕ್ಕೊಂಡಾಳ.”

“ಇಷ್ಟ ಲಗೂನ?”

“ಹೂಂ... ತಲಿನೋವು.”

ಅಷ್ಟು ಹೇಳಿ ಅವಳು ಫೋನ್ ಇಡಲಿಲ್ಲ. ಮಾತನಾಡಲೂ ಇಲ್ಲ. ಮುದುಕಿಯ ಉಸಿರು, ಗಿರಣಿಯ ಸದ್ದು. ಯಾರೋ ನನ್ನ ಮಾತಿಗೆ ಕಾಯುತ್ತಿದ್ದ ಹಾಗಿತ್ತು.

“ಅಷ್ಟೇನ್ರಿ?” ಎಂದೆ.

“ಅಷ್ಟ” ಎಂದಳು. ನಾನು ಫೋನ್ ಇಟ್ಟು ಊಟಕ್ಕೆ ಕೂತೆ. ಆ ರಾತ್ರಿ ನಾನು ಎಷ್ಟು ರೊಟ್ಟಿ ತಿಂದೆ ಎನ್ನುವುದೂ ನನಗೆ ನೆನಪಿದೆ. ಮೂರು.

ಹತ್ತನೆಯ ತಾರೀಖು ರಿಂಗೇ ಬರಲಿಲ್ಲ. ಮೊದಲ ಸಲ ಸೊನ್ನೆ ಬರೆದೆ. ನೀಲವ್ವನ ಫೋನಿಗೆ ಹಚ್ಚಿದರೆ ಸ್ವಿಚ್ ಆಫ್. ಈರಣ್ಣನಿಗೆ ಹಚ್ಚಿದರೆ ಎತ್ತಲಿಲ್ಲ. ಅಪ್ಪ ಆಂಧ್ರದಲ್ಲಿ ಲಾರಿಯ ಮೇಲಿದ್ದ. ಮೆಣಸಿನಕಾಯಿಯ ಸುಗ್ಗಿ, ಕೋಲ್ಡ್ ಸ್ಟೋರೇಜಿಗೆ ರಾತ್ರಿ ಹಗಲು ಚೀಲ ಬರುತ್ತಿದ್ದವು. ಹನ್ನೆರಡನೆಯ ತಾರೀಖಿಗೆ ರಜೆ ಕೇಳಿದೆ, ಸಿಕ್ಕಿತು. ಹನ್ನೆರಡರ ಮುಂಜಾನೆಯ ಬಸ್ಸಿಗೆ ಹೋಗುವುದೆಂದು ಅವ್ವನಿಗೆ ಹೇಳಿದೆ.

ಹನ್ನೊಂದರ ರಾತ್ರಿ ಬಂತು.

ಎಂಟು ಹತ್ತಕ್ಕೆ ಕರೆಂಟ್ ಹೋಯಿತು. ಮೋಡೆಮ್ಮಿನ ಹಸಿರು ದೀಪಗಳು ಒಂದೊಂದಾಗಿ ಆರಿದವು. ಬಿಳಿ ಫೋನ್ ಎತ್ತಿ ಕಿವಿಗಿಟ್ಟೆ. ಸತ್ತುಹೋಗಿತ್ತು. ಹಳೆಯ ಫೋನ್ ಆಗಿದ್ದರೆ ಕರೆಂಟ್ ಇಲ್ಲದಿದ್ದರೂ ಗುಂಯ್ ಎನ್ನುತ್ತಿತ್ತು. ಅಕ್ಕ ಈಗ ಮಾಡಿದರೂ ನಮಗೆ ಮುಟ್ಟುವುದಿಲ್ಲ. ಅವ್ವ ದೀಪ ಹಚ್ಚಿ ತಂದಿಟ್ಟಳು.

ಆಗ ವಾಸನೆ ಬಂತು.

ಬ್ಯಾಡಗಿಯಲ್ಲಿ ಮೆಣಸಿನಕಾಯಿಯ ವಾಸನೆ ಹೊಸದಲ್ಲ, ನಮ್ಮ ಬಟ್ಟೆ, ತಲೆದಿಂಬಿನಲ್ಲೂ ಅದು ಇರುತ್ತದೆ. ಅದು ಇಡೀ ಕಾಯಿಯ ವಾಸನೆ. ಒಣಗಿದ್ದು, ಸ್ವಲ್ಪ ಸಿಹಿ. ಇದು ಅದಲ್ಲ. ಆಗಷ್ಟೇ ಕುಟ್ಟಿದ ಬಿಸಿ ಖಾರದ ಘಾಟು. ಗಂಟಲು ಹಿಡಿಯಿತು. ಅವ್ವ ಸೆರಗು ಬಾಯಿಗೆ ಒತ್ತಿಕೊಂಡು ಕೆಮ್ಮಿದಳು.

ಟ್ರಿಣ್‌ಣ್‌ಣ್...

ಒಳಕೋಣೆಯಿಂದ. ಆ ಗಂಟೆಯನ್ನು ನಾನು ಹುಟ್ಟಿದಾಗಿನಿಂದ ಕೇಳಿದ್ದೆ. ಮೊಬೈಲಿನ ಟಾರ್ಚ್ ಹಿಡಿದು ಓಡಿದೆ. ಟ್ರಂಕಿನ ಮೇಲೆ ಟವೆಲ್ಲಿನ ಗಂಟು ಹಾಗೇ ಇತ್ತು. ಬಿಚ್ಚಿದೆ. ಕೆಂಪು ಫೋನ್. ಗೇಣುದ್ದದ ತಂತಿ, ಅದರ ತುದಿಯಲ್ಲಿ ಕತ್ತರಿಸಿದ ತಾಮ್ರ ಹೊಳೆಯುತ್ತಿತ್ತು. ಎಲ್ಲಿಗೂ ಸೇರಿರಲಿಲ್ಲ.

ಅದರ ಮೇಲೆ ಕೈಯಿಟ್ಟೆ.

ಟ್ರಿಣ್‌ಣ್‌ಣ್... ಎರಡನೆಯದು ನನ್ನ ಅಂಗೈಯಲ್ಲಿ ನಡುಗಿತು. ಕಟ್ಟಿಹಾಕಿದ ಪ್ರಾಣಿಯ ಮೈ ನಡುಗಿದ ಹಾಗೆ. ರಿಸೀವರ್ ಹಿಡಿದೆ.

“ಎತ್ತಬ್ಯಾಡ!” ಅವ್ವ ಬಾಗಿಲಲ್ಲಿ ನಿಂತು ಕೂಗಿದಳು. “ಎಣಸು!”

ಟ್ರಿಣ್‌ಣ್‌ಣ್...

ಆಮೇಲೆ ಏನೂ ಇಲ್ಲ. ನೂರರವರೆಗೆ ಎಣಿಸಿದೆ. ಬರಲಿಲ್ಲ. ಮೊಬೈಲಿನಲ್ಲಿ ಎಂಟು ಮೂವತ್ತೇಳು.

ಅವ್ವ ನನ್ನ ರಟ್ಟೆ ಹಿಡಿದಳು. ಉಗುರು ನೆಟ್ಟವು.

“ಇವತ್ತ ಕಳೀಬ್ಯಾಡ” ಎಂದಳು.

ಪಕ್ಕದ ಓಣಿಯ ಮಾಬೂಸಾಬ ಕಾಕಾ ಹಮಾಲ. ಸುಗ್ಗಿಯಲ್ಲಿ ತನ್ನದೇ ಸಣ್ಣ ಟೆಂಪೋ ಓಡಿಸುತ್ತಾನೆ. ಬಾಗಿಲು ಬಡಿದಾಗ ಊಟಕ್ಕೆ ಕೂತಿದ್ದ. “ಗಿರಿಜಾಗ ಏನೋ ಆಗೇತಿ ಕಾಕಾ” ಎಂದೆ. ಯಾರು ಹೇಳಿದರು ಎಂದು ಅವನು ಕೇಳಲಿಲ್ಲ. ಕೈ ತೊಳೆದ. ಚೀಲ ಎತ್ತುವ ಕಬ್ಬಿಣದ ಕೊಕ್ಕೆ ಹೆಗಲ ಮೇಲೇ ಇತ್ತು. ಹಮಾಲರು ಅದನ್ನು ಊಟಕ್ಕೂ ಕೆಳಗಿಡುವುದಿಲ್ಲ.

ಮೋಟೆಬೆನ್ನೂರು ಕ್ರಾಸಿಗೆ ಬಂದು ಹೆದ್ದಾರಿ ಹಿಡಿದೆವು. ದಾರಿಯಲ್ಲಿ ಪೊಲೀಸರಿಗೆ ಫೋನ್ ಮಾಡಿ ಗಿರಣಿಯ ವಿಳಾಸ ಹೇಳಿದೆ. ಅವ್ವ ನನ್ನ ಪಕ್ಕದಲ್ಲಿ ಬೆರಳು ಮಡಚಿ, ಬಿಚ್ಚಿ, ಮಡಚಿ ಕೂತಿದ್ದಳು. ಟೆಂಪೋದೊಳಗೂ ಆ ಘಾಟು ಇತ್ತು.

ಒಂಬತ್ತು ಇಪ್ಪತ್ತೆರಡಕ್ಕೆ ರಾಣೆಬೆನ್ನೂರಿನ ಓಣಿಯಲ್ಲಿ ಇಳಿದೆವು. ಗಿರಣಿಯ ಶಟರ್ ಮುಚ್ಚಿತ್ತು. ಒಳಗೆ ಹಾರೆಗಳು ಕುಟ್ಟುತ್ತಿದ್ದವು. ಆದರೆ ಸದ್ದು ಬೇರೆಯಾಗಿತ್ತು. ಮಾಬೂಸಾಬ ಕಾಕಾ ನಿಂತು ಕಿವಿಗೊಟ್ಟ.

“ಒಳಗ ಕಾಯಿ ಇಲ್ಲವ್ವಾ. ಖಾಲಿ ಕುಟ್ಟಾಕತ್ತೈತಿ” ಎಂದ.

ಕಬ್ಬಿಣದ ಮೇಲೆ ಕಬ್ಬಿಣ. ಠಣ್... ಠಣ್... ಠಣ್...

ಹಿಂದಿನ ಮನೆಯ ಬಾಗಿಲು ತೆರೆದಿತ್ತು. ನೀಲವ್ವ ಮೆಟ್ಟಿಲ ಮೇಲೆ ಕೂತಿದ್ದಳು. ಕಿವಿಗೆ ಬಟನ್ ಫೋನ್ ಒತ್ತಿ ಹಿಡಿದಿದ್ದಳು. ಟಾರ್ಚ್ ಬಿಟ್ಟೆ. ಆ ಫೋನಿಗೆ ಪರದೆ ಇರಲಿಲ್ಲ, ಬ್ಯಾಟರಿ ಇರಲಿಲ್ಲ, ಅರ್ಧ ಮೈಯೇ ಇರಲಿಲ್ಲ. ಒಡೆದ ಚೂರನ್ನು ಕಿವಿಗೆ ಹಿಡಿದಿದ್ದಳು.

ನನ್ನನ್ನು ನೋಡಿದಳು. ಯಾಕೆ ಬಂದಿರಿ ಎನ್ನಲಿಲ್ಲ.

“ಮೂರೂ ಕೇಳಿದವೇನ?” ಎಂದಳು.

ಆ ಲೆಕ್ಕ ಅಕ್ಕನಿಗೆ, ನನಗೆ, ಅವ್ವನಿಗೆ ಬಿಟ್ಟು ಯಾರಿಗೂ ಗೊತ್ತಿರಲಿಲ್ಲ. ಈ ಮುದುಕಿ ದಿನಾ ಪಕ್ಕದಲ್ಲಿ ಕೂತು ಎಣಿಸುತ್ತಿದ್ದಳೇನೋ. ಸೊಂಟದಿಂದ ಕೀಲಿ ಬಿಚ್ಚಿ ಕೊಟ್ಟಳು. ಮನೆಗೂ ಗಿರಣಿಗೂ ನಡುವಿನ ಬಾಗಿಲಿನದು.

ಒಳಗೆ ಒಂದೇ ಬಲ್ಬು. ಗಾಳಿಯಲ್ಲಿ ಕೆಂಪು ಧೂಳು. ಅಕ್ಕನ ಬಲಗೈಯನ್ನು ಅವಳದೇ ಸೆರಗಿನಿಂದ ತೂಕದ ಕಟ್ಟೆಯ ಕಂಬಿಗೆ ಬಿಗಿದಿತ್ತು. ಬಾಯಿಗೆ ಖಾರದ ಚೀಲದ ಚಿಂದಿ ತುರುಕಿತ್ತು. ಈರಣ್ಣನ ಕೈಯಲ್ಲಿ ಒಂದು ಕಿಲೋದ ಕಬ್ಬಿಣದ ತೂಕ. ನಾನು ಮೊದಲು ನೋಡಿದ್ದು ಅಕ್ಕನ ಬೆರಳುಗಳನ್ನು. ಮೂರು ಬೆರಳು ಬೆರಳಿನ ಆಕಾರದಲ್ಲಿ ಇರಲಿಲ್ಲ.

“ಬರ್ರಿ, ಬರ್ರಿ” ಎಂದ ಈರಣ್ಣ. ಬೀಗರನ್ನು ಕರೆಯುವ ದನಿ. “ನಿಮ್ಮಕ್ಕಗ ಎಣಿಕಿ ಕಲಸಾಕತ್ತೇನಿ. ಎಣಸಾಕ ಬೆರಳ ಬೇಕಲ್ಲ? ಇನ್ನ ಎರಡ ಉಳದಾವ.”

ಮಾಬೂಸಾಬ ಕಾಕಾ ನನ್ನನ್ನು ಬದಿಗೆ ನೂಕಿ ಮುಂದೆ ಹೋದ. ಈರಣ್ಣ ತೂಕ ಬೀಸಿದ. ಕಾಕಾನ ಹೆಗಲ ಎಲುಬು ಮುರಿದ ಸದ್ದು ಗಿರಣಿಯ ಗದ್ದಲದಲ್ಲೂ ಕೇಳಿತು, ಒಣ ಕಟ್ಟಿಗೆ ಮುರಿದ ಹಾಗೆ. ಕಾಕಾ ಬೀಳಲಿಲ್ಲ. ಎಡಗೈಯಲ್ಲಿ ಕೊಕ್ಕೆ ಹಿಡಿದು ಚೀಲಕ್ಕೆ ಹಾಕುವ ಹಾಗೆ ಈರಣ್ಣನ ತೋಳಿಗೆ ಹಾಕಿ ಎಳೆದ. ರಕ್ತ ಗೋಡೆಗೆ ಹಾರಿತು. ಇಬ್ಬರೂ ಹಾರೆಗಳ ಕಡೆ ಜೋಲಿ ಹೊಡೆದರು.

ನಾನು ಮೇನ್ ಸ್ವಿಚ್ ಎಳೆದೆ.

ಕತ್ತಲೆ. ಹಾರೆಗಳು ಒಂದು ಸಲ, ಇನ್ನೊಂದು ಸಲ ಬಿದ್ದು ನಿಂತವು. ಅಷ್ಟು ದೊಡ್ಡ ಸದ್ದು ನಿಂತ ಮೇಲೆ ಕೇಳಿದ್ದು ಅಕ್ಕನ ನರಳಾಟ. ಅದು ಮೊದಲಿನಿಂದಲೂ ಇತ್ತು, ಈಗ ಕೇಳಿತು, ಅಷ್ಟೇ.

“ಈಕಡೆ... ಈಕಡೆ ಬಾ ಗಿರಿಜಾ” ಎಂದು ಕತ್ತಲಲ್ಲಿ ನೀಲವ್ವನ ದನಿ. ಸೆರಗು ಹರಿದ ಸದ್ದು.

ನನ್ನ ಕಾಲಿಗೆ ತಣ್ಣಗಿನದೇನೋ ತಾಗಿತು. ಬಗ್ಗಿ ಎತ್ತಿದೆ. ಕಿಲೋದ ತೂಕ. ಒದ್ದೆಯಾಗಿತ್ತು. ನನ್ನ ಕಣಕಾಲನ್ನು ಒಂದು ಕೈ ಹಿಡಿಯಿತು. ಅವನ ಉಸಿರಿನಲ್ಲಿ ಖಾರವಿತ್ತು. ನಾನು ಹೊಡೆದೆ. ಕೈ ಬಿಡುವವರೆಗೆ ಹೊಡೆದೆ. ಬಿಟ್ಟ ಮೇಲೂ ಹೊಡೆದೆ. ಎಷ್ಟು ಸಲ ಎಂದು ಪೊಲೀಸರು ಆಮೇಲೆ ಕೇಳಿದರು.

ನಾನು ಎಣಿಸಿರಲಿಲ್ಲ.

ಪೊಲೀಸರು ನಮ್ಮ ಹಿಂದೆ ಇಪ್ಪತ್ತು ನಿಮಿಷಕ್ಕೆ ಬಂದರು. ಅವನು ಸಾಯಲಿಲ್ಲ. ಮೊಣಕಾಲು, ದವಡೆ ಮುರಿದಿದ್ದವು. ಅಕ್ಕನನ್ನು ಟೆಂಪೋಕ್ಕೆ ಹತ್ತಿಸುವಾಗ ಅವ್ವ ನೀಲವ್ವನ ಕೈ ಹಿಡಿದಳು.

“ನೀವೂ ಬರ್ರಿ ಬೀಗತಿ. ನಮ್ಮನ್ಯಾಗ ಇರ್ರಿ.”

“ನಾ ಎಲ್ಲಿ ಬರಲೆವ್ವಾ” ಎಂದಳು ನೀಲವ್ವ. “ಹಡದಾಕಿ ನಾನ ಅಲ್ಲೇನ ಅವನ್ನ?”

ಹಾವೇರಿಯ ಆಸ್ಪತ್ರೆಯಲ್ಲಿ ಮೂರನೆಯ ದಿನ ಅಕ್ಕ ಮಾತನಾಡಿದಳು. ಒಂಬತ್ತನೆಯ ತಾರೀಖು ಸರಿಯಾಗಿ ಮೂರು ಎಣಿಸಿ ಕಟ್ ಮಾಡಿದ್ದಳಂತೆ. ಆ ದಿನ ಹೊಸ ಫೋನ್ ಖರೆ ಹೇಳಿತ್ತು. ನಾನು ತಿರುಗಿ ಮಾಡಿದಾಗ ಈರಣ್ಣ ತಾಯಿಯ ಎದುರಿಗೇ ನಿಂತಿದ್ದ. ನಾನು ಫೋನಿಟ್ಟ ಮರುಗಳಿಗೆ ಅದನ್ನು ಕಲ್ಲಿಗೆ ಅಪ್ಪಳಿಸಿದ. ಎರಡು ದಿನ ಬಡಿದು ಲೆಕ್ಕ ಬಾಯಿ ಬಿಡಿಸಿದ.

“ಹಂಗಾರ ಹನ್ನೊಂದನೇ ತಾರೀಖ ಯಾರ ಮಾಡಿದ್ರು?” ಎಂದೆ.

ಅಕ್ಕ ಬ್ಯಾಂಡೇಜ್ ಸುತ್ತಿದ ಕೈ ನೋಡಿಕೊಂಡಳು. “ಯಾರೂ ಇಲ್ಲ. ಅವಾಗ ಇವು ಒಂದೊಂದ ಹೋಗಾಕತ್ತಿದ್ದವು... ಅತ್ತಿ ಆಚಿಕಡೆಯಿಂದ ಬಾಗಲಾ ಬಡದು ಎಣಸಾಕತ್ತಿದ್ರು, ಕೀಲಿ ಇದ್ರೂ ತಗಿಯೋ ಧೈರ್ಯ ಆಗ್ಲಿಲ್ಲ ಅವರಿಗೆ. ಒಂದು... ಎರಡು... ಅಂತ. ಮೂರಾದ ಮ್ಯಾಲ ಅವ ಕೈ ನಿಲ್ಲಿಸಿ ಬೀಡಿ ಹಚ್ಚಿದ.”

ಫಕ್ಕೀರಪ್ಪನನ್ನು ಕರೆಸಿ ಕೆಂಪು ಫೋನ್ ಬಿಚ್ಚಿಸಿದೆ. ಗಂಟೆ ತಟ್ಟಿ ನೋಡಿದ. “ಇದನ್ನ ಬಾರಸಾಕ ಎಕ್ಸ್‌ಚೇಂಜಿನಿಂದ ಕರೆಂಟ್ ಬರಬೇಕು ಅಕ್ಕಾರ. ಲೈನ ಇಲ್ಲ, ಎಲ್ಲಿಂದ ಬರತೈತಿ?” ಎಂದ. ನಾನು ಆ ರಾತ್ರಿಯದು ಹೇಳಿದೆ. ಅವನು ಸ್ಕ್ರೂಗಳನ್ನು ತಿರುಗಿ ಹಾಕದೆ ಎದ್ದ. ಅವ್ವ ತಂದ ಚಹಾ ಕುಡಿಯಲಿಲ್ಲ.

ಈರಣ್ಣ ಆಸ್ಪತ್ರೆಯಿಂದ ಜೈಲಿಗೆ ಹೋದ. ಮಾರ್ಚ್ ಇಪ್ಪತ್ತೈದಕ್ಕೆ ಜಾಮೀನಿನ ಮೇಲೆ ಗಿರಣಿಗೆ ತಿರುಗಿ ಬಂದ ಎಂದು ಸುದ್ದಿ ಬಂತು.

ಆ ಸಂಜೆ ಅಕ್ಕ ನನ್ನ ಪಕ್ಕದಲ್ಲೇ ಕೂತು ಎಡಗೈಯಲ್ಲಿ ರೊಟ್ಟಿ ಮುರಿಯುತ್ತಿದ್ದಳು. ಎಂಟು ಮೂವತ್ತೇಳಕ್ಕೆ ಕೆಂಪು ಫೋನ್ ಬಾರಿಸಿತು. ಒಂದು. ಎರಡು. ಮೂರು. ಅಕ್ಕನ ಕೈಯಿಂದ ರೊಟ್ಟಿ ಬಿತ್ತು.

“ಅತ್ತಿ” ಎಂದಳು. “ಕೀಲಿ ಕೊಟ್ಟಾಕಿ ಅವರ ಅಲ್ಲೇನ.”

ಆಗಲೇ ಪೊಲೀಸರಿಗೆ ಹೇಳಿದೆ. ಹೋಗಿ ನೋಡಿ ಬಂದರು. ಬಚ್ಚಲದಲ್ಲಿ ಜಾರಿ ಬಿದ್ದೆ ಎಂದಳಂತೆ ಮುದುಕಿ. ಮೂರನೆಯ ದಿನ ಹಗಲಿನಲ್ಲಿ ಮಾಬೂಸಾಬ ಕಾಕಾನ ಜೊತೆ ನಾನೇ ಹೋದೆ. ಕಾಕಾನ ಹೆಗಲಿಗೆ ಇನ್ನೂ ಪಟ್ಟಿ ಇತ್ತು. ಗಿರಣಿಯ ಮುಂದೆ ನೀಲವ್ವ ಕಾಯಿಯ ತೊಟ್ಟು ಮುರಿಯುತ್ತಿದ್ದಳು. ಒಂದು ಕಣ್ಣು ಮುಚ್ಚಿಹೋಗಿತ್ತು. ಒಳಗೆ ಈರಣ್ಣ ಕೋಲು ಹಿಡಿದು ಕೂತಿದ್ದ.

“ಮೂರು ಆದವು, ಅದಕ್ಕ ಬಂದೆ. ನಡೀರಿ” ಎಂದು ಪಿಸುಗುಟ್ಟಿದೆ.

“ನನ್ನ ಹತ್ರ ಫೋನರ ಎಲ್ಲೈತಿ?” ಎಂದಳು. ತೊಟ್ಟು ಮುರಿಯುವುದು ನಿಲ್ಲಲಿಲ್ಲ. ಆಮೇಲೆ ತಲೆ ಎತ್ತದೆ ಕೇಳಿದಳು: “ದಿನಾ ಕೇಳತಾವೇನ?”

“ದಿನಾ.”

“ಕೇಳಲಿ” ಎಂದಳು. ಅಷ್ಟೇ. ಬರಲಿಲ್ಲ.

ಹನ್ನೊಂದು ಸಂಜೆ. ಹನ್ನೊಂದು ಸಲವೂ ಮೂರು. ನಾನು ಒಂದನ್ನೂ ಕಳೆದಿಲ್ಲ.

ನಿನ್ನೆ ಹನ್ನೆರಡನೆಯದು. ಅಪ್ಪ ಮನೆಯಲ್ಲೇ ಇದ್ದ. ಅಕ್ಕ ಬಂದಾಗಿನಿಂದ ಅವನು ದೂರದ ಬಾಡಿಗೆ ಬಿಟ್ಟಿದ್ದಾನೆ. ನಾಲ್ವರೂ ಪಡಸಾಲೆಯಲ್ಲಿ ಕೂತಿದ್ದೆವು, ಎಂಟು ಮೂವತ್ತೇಳಕ್ಕೆ ಕಾಯುತ್ತ. ಬಾರಿಸಿತು.

ಒಂದು.

ಕಾದೆವು. ಎರಡನೆಯದು ಬರಲಿಲ್ಲ.

ಅಕ್ಕನ ಮುಖ ಅರಳಿತು. “ಆರಾಮ ಅದಾರೇನ ಹಂಗಾರ?” ಎಂದಳು. ಒಂದು ರಿಂಗಿನ ಅರ್ಥ ಅವಳಿಗೆ ಅದೇ.

ಅಪ್ಪ ಮಾತ್ರ ಎದ್ದು ನಿಂತಿದ್ದ. ಅವನಿಗೆ ಒಂದು ರಿಂಗಿನ ಅರ್ಥ ಬೇರೆ. ಅವನೇ ಮಾಡಿದ ಲೆಕ್ಕ ಅದು.

“ನಾ ಇಲ್ಲೇ ಅದೇನಿ” ಎಂದ ಮೆಲ್ಲಗೆ. “ಮತ್ತ ಮೋಟೆಬೆನ್ನೂರು ಮುಟ್ಟಿದವರು ಯಾರು?”

“ನಮ್ಮನ್ಯಾಗ ಇರ್ರಿ ಅಂದಾಕಿ ನಾನ” ಎಂದು ಅವ್ವ ಎದ್ದು ಬಚ್ಚಲಕ್ಕೆ ಹೋದಳು. ಹಂಡೆಗೆ ಕಂಠದವರೆಗೆ ನೀರು ಸುರಿದ ಸದ್ದು, ಕಡ್ಡಿ ಗೀರಿದ ಸದ್ದು ಕೇಳಿತು. ನಾನು ಗಡಿಯಾರ ನೋಡುತ್ತ ಕೂತೆ. ಎಂಟು ಐವತ್ತೆರಡು. ಓಣಿಯ ತುದಿಯಲ್ಲಿ ಯಾವ ಗಾಡಿಯ ಸದ್ದೂ ಬರಲಿಲ್ಲ. ಅಪ್ಪ ಬಾಗಿಲು ತೆರೆದ, ಹೊರಗೆ ಇಣುಕಿದ, ಸ್ವಲ್ಪ ಹೊತ್ತು ಹಾಗೇ ನಿಂತು ಚಿಲಕ ಹಾಕಿದ. ಪೊಲೀಸರಿಗೆ ಹಚ್ಚಿದೆ, ನೋಡುತ್ತೇವೆ ಎಂದರು. ರಾತ್ರಿ ಯಾರೂ ಮಲಗಲಿಲ್ಲ. ಯಾರೂ ಬಚ್ಚಲಕ್ಕೂ ಹೋಗಲಿಲ್ಲ.

ಇದನ್ನು ಬರೆಯುವಾಗ ಮುಂಜಾನೆ ಆರು ಹತ್ತು. ಮಾಬೂಸಾಬ ಕಾಕಾ ಐದಕ್ಕೇ ರಾಣೆಬೆನ್ನೂರಿಗೆ ಹೋಗಿದ್ದಾನೆ. ಇನ್ನೂ ಫೋನ್ ಮಾಡಿಲ್ಲ. ನೋಟ್‌ಬುಕ್ಕಿನಲ್ಲಿ ತಾರೀಖು ಬರೆದಿದ್ದೇನೆ, ವೇಳೆ ಬರೆದಿದ್ದೇನೆ, ರಿಂಗ್ ಒಂದು ಎಂದು ಬರೆದಿದ್ದೇನೆ. ‘ಯಾರು’ ಎನ್ನುವ ಕಾಲಂ ಖಾಲಿ ಇದೆ.

ಈಗಷ್ಟೇ ಮುಖ ತೊಳೆಯಲು ಬಚ್ಚಲಕ್ಕೆ ಹೋಗಿದ್ದೆ. ಖಾರದ ಘಾಟಿಗೆ ಒಳಗೆ ನಿಲ್ಲಲು ಆಗಲಿಲ್ಲ. ಹಂಡೆಯ ನೀರು ಅರ್ಧಕ್ಕೆ ಇಳಿದಿದೆ. ನೆಲ ಒದ್ದೆಯಾಗಿದೆ.

ಮೂವರನ್ನೂ ಒಬ್ಬೊಬ್ಬರಾಗಿ ಕೇಳಿದೆ. ಯಾರೂ ಇನ್ನೂ ಸ್ನಾನ ಮಾಡಿಲ್ಲ.